ಹಿಡಿದುಕೊಟ್ಟವರ ಊರಿನವಳು

ನನ್ನ ತವರೂರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಖಾನಾಪುರ ಸೀಮೆಯವರು ಸುಲಭವಾಗಿ ಊಹಿಸಬಹುದು. ಊಹಿಸಿದವರು ದಯವಿಟ್ಟು ತಮ್ಮಲ್ಲೇ ಇಟ್ಟುಕೊಳ್ಳಿ. ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರಲ್ಲಿ ಒಬ್ಬ ಗೌಡ ನಮ್ಮೂರಿನವನು ಎಂದು ಲಾವಣಿಗಳು ಹಾಡುತ್ತಾ ಬಂದಿವೆ. ನಾವು ಆ ಗೌಡರ ಮನೆತನದವರಲ್ಲ, ದೂರದ ಸಂಬಂಧವೂ ಇಲ್ಲ. ಆದರೂ ಮದುವೆಯಾಗಿ ಗಂಡನ ಊರಿಗೆ ಬಂದಾಗ ಬೀಗರಲ್ಲಿ ಹಿರಿಯರೊಬ್ಬರು, "ಓಹೋ, ರಾಯಣ್ಣನನ್ನು ಹಿಡಿದುಕೊಟ್ಟ ಊರಿನ ಹೆಣ್ಣೇ?" ಎಂದು ಎಲೆಯ ಮುಂದೆ ಕುಳಿತವರೆಲ್ಲ ಕೇಳುವಂತೆ ಅಂದಿದ್ದರು. ನಮ್ಮ ಅತ್ತೆ ತಕ್ಷಣ, "ಅಣ್ಣಾ, ನೀವು ಹೋಳಿಗೆ ತಣ್ಣಗಾಗುವ ಮೊದಲು ಊಟ ಮಾಡಿ" ಎಂದು ಮಾತು ಮುಗಿಸಿದರು. ಅತ್ತೆಯ ಆ ಒಂದು ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಅಪ್ಪನಿಗೆ ಇದು ನನಗಿಂತ ಹಳೆಯ ಗಾಯ. ಚಿಕ್ಕವಳಿದ್ದಾಗ ಒಂದು ಜಾತ್ರೆಯಲ್ಲಿ ಗೀಗೀ ಮೇಳದವರು ರಾಯಣ್ಣನ ಪದ ಹೇಳುತ್ತಿದ್ದರು. ರಾಯಣ್ಣನನ್ನು ಹಳ್ಳದಲ್ಲಿ ಹಿಡಿದ ಪ್ರಸಂಗ ಬಂತು. ಮುಖ್ಯ ಹಾಡುಗಾರ ದಪ್ಪು ನಿಲ್ಲಿಸಿ, "ಆ ಊರಿನವರು ಯಾರಾದರೂ ಬಂದಿದ್ದೀರೇನಪ್ಪಾ?" ಎಂದು ಕೇಳಿದ. ಜನ ನಕ್ಕರು. ಅಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡು, ಬೆರಳಿನಿಂದ ತಾಳ ಹಾಕುತ್ತಲೇ ಕುಳಿತಿದ್ದರು. ಎದ್ದು ಹೋಗಲಿಲ್ಲ. ಪದ ಮುಗಿದ ಮೇಲೆ ಎಲ್ಲರಂತೆ ಮೇಳದ ತಟ್ಟೆಗೆ ಕಾಣಿಕೆಯನ್ನೂ ಹಾಕಿದರು. ದಾರಿಯಲ್ಲಿ ನನಗೆ ಹೇಳಿದ್ದು ಇಷ್ಟೇ: "ರಾಯಣ್ಣ ನಮ್ಮವನೂ ಹೌದು."

ನಾನು ಇತಿಹಾಸ ಕಲಿಸುವವಳು. ದೇಶದೇಶಗಳ ಸ್ವಾತಂತ್ರ್ಯ ಹೋರಾಟಗಳನ್ನು ವರ್ಷವರ್ಷವೂ ಪಾಠ ಮಾಡುತ್ತೇನೆ. ಹೋರಾಟದ ಒಳಗಿನ ಮೋಸಕ್ಕೆ ಒಂದು ಊರನ್ನೋ ಒಬ್ಬ ಮನುಷ್ಯನನ್ನೋ ಗುರುತು ಮಾಡಿ ಸುಮ್ಮನಾಗುವುದು ತೀರಾ ಅನ್ಯಾಯದ ಕೆಲಸ ಎಂಬುದು ಈ ಪಾಠದಿಂದಲೇ ನನಗೆ ಗಟ್ಟಿಯಾದ ಮಾತು. ಊರಿನ ಮಾನ ಉಳಿಸುವುದು ನನ್ನ ಉದ್ದೇಶವಲ್ಲ. ಹಾಗೆ ಮಾಡಿದಾಗ ನಿಜವಾಗಿ ಏನು ನಡೆಯಿತು ಎಂಬುದೇ ನಮ್ಮ ಕೈತಪ್ಪಿ ಹೋಗುತ್ತದೆ ಎಂಬುದು ನನ್ನ ಸಂಕಟ.

ಕಿತ್ತೂರಿನಿಂದಲೇ ಹಿಡಿಯೋಣ. 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿ ಸರಕಾರ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಕಂಪನಿಯ ಪಕ್ಷದಲ್ಲಿದ್ದ. ಅದಕ್ಕೆ ಪ್ರತಿಯಾಗಿ ಸನದು, ಅಂದರೆ ಅಧಿಕಾರಪತ್ರ ಸಿಕ್ಕಿತು, ಸಂಸ್ಥಾನ ಉಳಿಯಿತು. ಖಾನಾಪುರವನ್ನು ಬಿಟ್ಟುಕೊಡಬೇಕಾಯಿತು, ವರ್ಷಕ್ಕೆ ಸುಮಾರು 1.75 ಲಕ್ಷ ರೂಪಾಯಿ ಕಪ್ಪ ಗೊತ್ತಾಯಿತು. ಪೇಶ್ವೆಯವರು ಕಿತ್ತೂರಿಗೆ ಕೊಟ್ಟ ಕಾಟ ನೋಡಿದರೆ ಆ ನಿರ್ಧಾರ ಅರ್ಥವಾಗುತ್ತದೆ. ತಂದೆ ಮಲ್ಲಸರ್ಜನನ್ನು ಪುಣೆಯಲ್ಲಿ ಸೆರೆಯಲ್ಲಿಟ್ಟಿದ್ದರು. ಬಿಡುಗಡೆಯಾದ ಆತ 1816ರಲ್ಲಿ ತೀರಿಕೊಂಡ. ಆದರೆ ಅಂದು ಕಂಪನಿಗೆ ನೆರವಾದದ್ದನ್ನು ನಾವು ಯಾರೂ ದ್ರೋಹ ಎಂದು ಕರೆಯುವುದಿಲ್ಲ. ಏಳು ವರ್ಷ ಕಳೆಯುವುದರೊಳಗೆ ಅದೇ ವಾಡೆ ಅದೇ ಕಂಪನಿಯ ಎದುರು ಬಂದೂಕು ಹಿಡಿದು ನಿಂತಿತು.

ನಡುವೆ ಏನಾಯಿತು? 1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡಿರುವುದಾಗಿ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಪತ್ರ ಹೋಯಿತು. ಪತ್ರದ ಮೇಲಿನ ತಾರೀಖು ಜುಲೈ ತಿಂಗಳದು, ತಲುಪಿದ್ದು ಸೆಪ್ಟೆಂಬರ್‌ನಲ್ಲಿ. ಸಹಿ ದೇಸಾಯಿಯದೇ ಅಲ್ಲ ಎಂದು ಥ್ಯಾಕರೆ ಹಟ ಹಿಡಿದ. ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿಸಿ, ಉಸ್ತುವಾರಿಗೆ ಇಬ್ಬರನ್ನು ನೇಮಿಸಿದ. ಕೊಣ್ಣೂರಿನ ಮಲ್ಲಪ್ಪ ಒಬ್ಬ, ಹಾವೇರಿಯ ವೆಂಕಟರಾವ್ ಇನ್ನೊಬ್ಬ. ಇಬ್ಬರೂ ವಾಡೆಯ ಉಪ್ಪು ತಿಂದವರೇ. ಸರದಾರ ಗುರುಸಿದ್ದಪ್ಪನ ಕೈಯಲ್ಲಿ ದಿವಾನಗಿರಿ ಇತ್ತು. ಈಗ ಬೀಗದ ಕೈ ಬೇರೆಯವರ ಸೊಂಟಕ್ಕೆ ಹೋಯಿತು. ಥ್ಯಾಕರೆ ಹೊರಗಿನಿಂದ ಒಬ್ಬ ಗೂಢಚಾರನನ್ನೂ ತರಬೇಕಾಗಲಿಲ್ಲ. ಆಸ್ಥಾನದಲ್ಲಿ ಯಾರಿಗೆ ಯಾರ ಮೇಲೆ ಅಸೂಯೆ ಎಂದು ತಿಳಿದುಕೊಂಡು, ಅಧಿಕಾರವನ್ನು ಸ್ವಲ್ಪ ಆಚೀಚೆ ಮಾಡಿದರೆ ಸಾಕಾಗಿತ್ತು.

ಹಿರಿಯ ರಾಣಿ ರುದ್ರಮ್ಮನವರು ತಲ್ಲೂರಿನ ದೇಸಾಯಿ ಮನೆಯವರು, ಚನ್ನಮ್ಮನವರು ಕಾಕತಿಯ ದೇಸಾಯಿ ಮನೆಯವರು. ಸತ್ತ ದೇಸಾಯಿ ರುದ್ರಮ್ಮನವರ ಮಗ. ಅವನ ಎಳೆಯ ವಿಧವೆ ವೀರವ್ವ. ಇಷ್ಟು ಜನರಿರುವ ವಾಡೆಯಲ್ಲಿ ದತ್ತು ಎಂದರೆ ಮುಂದಿನ ಮೂವತ್ತು ವರ್ಷ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ. ಇಂಥ ಇಕ್ಕಟ್ಟಿನ ನಡುವೆಯೂ ಎಲ್ಲರನ್ನೂ ಒಂದು ಮಾತಿಗೆ ತಂದು ನಿಲ್ಲಿಸಿದ್ದು ಚನ್ನಮ್ಮನವರ ದೊಡ್ಡತನ ಎಂದು ನಾನು ತಿಳಿದಿದ್ದೇನೆ. ಕುದುರೆಯ ಮೇಲೆ ಕತ್ತಿ ಹಿಡಿದ ಮೂರ್ತಿಗಳಲ್ಲಿ ಈ ಕೆಲಸ ಕಾಣಿಸುವುದಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದುಕೊಂಡು ಕಿತ್ತೂರಿನ ಪಡೆ ಮೇಲೆರಗಿತು. ಥ್ಯಾಕರೆ ಸತ್ತ. ಅವನ ಇಬ್ಬರು ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು.

ಕೋಟೆ ಬಿದ್ದದ್ದು ಹೇಗೆ ಎಂದು ನಮ್ಮ ಕಡೆ ಯಾವ ಮಗುವನ್ನು ಕೇಳಿದರೂ ಒಂದೇ ಉತ್ತರ: ತೋಪಿನ ಮದ್ದಿನಲ್ಲಿ ಸಗಣಿ ಬೆರೆಸಿದರು. ಇಂಥದೇ ಮಾತು 1858ರ ನರಗುಂದದ ಬಗ್ಗೆಯೂ ಕೇಳಿಬರುತ್ತದೆ. ಮದ್ದು ಕೆಟ್ಟಿರಬಹುದು, ಕೆಡಿಸಿಯೂ ಇರಬಹುದು. ಆದರೆ ಎರಡು ಪ್ರಾಂತಗಳ ದಂಡು, ಭಾರಿ ತೋಪುಗಳೊಂದಿಗೆ, ಒಂದು ಚಿಕ್ಕ ಸಂಸ್ಥಾನದ ಮೇಲೆ ಬಂದಿತ್ತು. ಸೆರೆಯಲ್ಲಿದ್ದ ಇಬ್ಬರನ್ನು ಬಿಟ್ಟರೆ ಮಾತುಕತೆಗೆ ದಾರಿಯಾಗುತ್ತದೆ ಎಂದು ನಂಬಿ ಬಿಟ್ಟುಕೊಟ್ಟ ಮೇಲೆ ದಾಳಿ ಜೋರಾಯಿತು. ಇದನ್ನು ಪಾಠದಲ್ಲಿ ಹೇಳಿದರೆ ಹುಡುಗರ ಮುಖ ಸಪ್ಪಗಾಗುತ್ತದೆ. ಸಗಣಿಯ ಕಥೆಯಲ್ಲಿ ಸಿಟ್ಟಾಗಲು ಎದುರಿಗೆ ಒಬ್ಬ ಮನುಷ್ಯ ಸಿಗುತ್ತಾನೆ. ಕೊಟ್ಟ ಮಾತನ್ನು ಮುರಿದ ಕಂಪನಿ ಸರಕಾರ ಮಾತ್ರ ಆ ಸಿಟ್ಟಿನಿಂದ ಪಾರಾಗಿಬಿಡುತ್ತದೆ. ನನಗೆ ಸಹಿಸಲಾಗದ್ದು ಇದು.

ರಾಯಣ್ಣನ ವಿಷಯಕ್ಕೆ ಬರುತ್ತೇನೆ. ಅವನು ಸಂಗೊಳ್ಳಿಯ ಶೇತಸನದಿ, ಅಂದರೆ ಊರು ಕಾಯುವ ಚಾಕರಿಗಾಗಿ ಹೊಲ ಪಡೆದವನು. ಸಂಸ್ಥಾನ ಹೋದ ಮೇಲೆ ಕಂಪನಿ ಇಂಥ ಹೊಲಗಳ ಮೇಲೆ ಕಣ್ಣಿಟ್ಟಿತು. ಕೆಲವನ್ನು ಕಿತ್ತುಕೊಂಡಿತು, ಕೆಲವಕ್ಕೆ ತೆರಿಗೆ ಏರಿಸಿತು. ತೆರಿಗೆಗಾಗಿ ಊರಿನ ಕುಲಕರ್ಣಿ ರಾಯಣ್ಣನ ತಾಯಿ ಕೆಂಚವ್ವನಿಗೆ ಅವಮಾನ ಮಾಡಿದ ಎಂದು ಲಾವಣಿಗಳು ಹೇಳುತ್ತವೆ. ಸಂಸ್ಥಾನ ಮುಳುಗಿದಾಗ ಎಲ್ಲರೂ ಒಂದೇ ರೀತಿ ಮುಳುಗಲಿಲ್ಲ. ಕುಲಕರ್ಣಿಯ ಲೆಕ್ಕದ ಕಟ್ಟು ಹೊಸ ಸರಕಾರಕ್ಕೂ ಬೇಕಿತ್ತು, ವಸೂಲಿಗೆ ಗೌಡನೂ ಬೇಕಿತ್ತು. ಕತ್ತಿ ಕಟ್ಟುವ ಶೇತಸನದಿ ಮಾತ್ರ ಬೇಡವಾದ. 1830ರ ಜನವರಿಯಲ್ಲಿ ರಾಯಣ್ಣನ ದಂಡು ಬೀಡಿಯ ಕಚೇರಿ ಸುಟ್ಟಿತು, ಖಾನಾಪುರ, ನಂದಗಡ, ಸಂಪಗಾವಿಗಳ ಮೇಲೆ ಬಿತ್ತು. ಉರಿದದ್ದು ಮುಖ್ಯವಾಗಿ ದಫ್ತರ. ಲೆಕ್ಕದ ಪುಸ್ತಕ, ಸಾಲದ ಕಾಗದ, ತೆರಿಗೆಯ ಪಟ್ಟಿ. ಆ ಕಾಗದಗಳು ಬೂದಿಯಾದಾಗ ಒಂದು ಮನೆಯಲ್ಲಿ ಹಬ್ಬ, ಪಕ್ಕದ ಮನೆಯಲ್ಲಿ ಸೂತಕ. ಅದೇ ಊರು, ಅದೇ ಓಣಿ.

ಹೋರಾಟಕ್ಕೆ ಎರಡು ಮುಖಗಳಿದ್ದವು. ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂಡಿಸಬೇಕು ಎಂಬುದು ಒಂದು. ಹೊಲ ಹೋದವರ, ಸಾಲದಲ್ಲಿ ಬಿದ್ದವರ, ಕಾಡಿನ ಸಿದ್ದಿ ಜನರ ಸಿಟ್ಟು ಇನ್ನೊಂದು. ಮೊದಲನೆಯದಕ್ಕೆ ಗೌಡರೂ ವತನದಾರರೂ ತಲೆದೂಗಬಲ್ಲವರಾಗಿದ್ದರು. ಎರಡನೆಯದು ತಮ್ಮ ಮನೆ ಬಾಗಿಲಿಗೇ ಬರಬಹುದೆಂಬ ಅಂಜಿಕೆ ಅವರಿಗೆ ಇದ್ದೇ ಇತ್ತು. ಕಂಪನಿಯ ಪರವಾಗಿ ಅಮಲದಾರ ಕೃಷ್ಣರಾಯ ಈ ಬಿರುಕಿನಲ್ಲೇ ಕೈ ಹಾಕಿದ. ಗೌಡರು ನಂಬಿಕಸ್ತರಂತೆ ಬಂದು ದಂಡಿನಲ್ಲಿ ಸೇರಿಕೊಂಡರು. ಏಪ್ರಿಲ್‌ನಲ್ಲಿ ರಾಯಣ್ಣ ಡೋರಿಯ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಅವನ ಕತ್ತಿ ದಡದಲ್ಲಿದ್ದವನ ಕೈಯಲ್ಲಿತ್ತು. ಲಕ್ಕಪ್ಪಾ, ಕತ್ತಿ ಕೊಡು ಎಂದು ಕೇಳಿದ, ಲಕ್ಕಪ್ಪ ಕತ್ತಿಯೊಡನೆ ಹಿಂದಕ್ಕೆ ಸರಿದ ಎಂದು ಪದ ಹೇಳುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ನಮ್ಮೂರಿನ ಗೌಡ ಮಾಡಿದ್ದು ಮೋಸ. ಅದನ್ನು ನಾನು ತೊಳೆಯಲು ಬಂದಿಲ್ಲ, ತೊಳೆಯಲು ಆಗುವುದೂ ಇಲ್ಲ. ಆದರೆ ಅವನಿಗೆ ತನ್ನ ಗೌಡಕಿಯ ಚಿಂತೆ ಇತ್ತು, ಬಹುಮಾನದ ಆಸೆ ಇತ್ತು, ಸುಟ್ಟ ದಫ್ತರಗಳ ಭಯ ಇತ್ತು. ಇವೆಲ್ಲವನ್ನೂ ಬಿಟ್ಟು "ಆ ಊರಿನ ನೀರೇ ಹಾಗೆ" ಎಂದುಬಿಡುವುದು ರಾಯಣ್ಣನಿಗೇ ಮಾಡುವ ಅವಮಾನ. ಅವನು ಎದುರು ಹಾಕಿಕೊಂಡದ್ದು ಎಂಥ ವ್ಯವಸ್ಥೆಯನ್ನು ಎಂಬುದನ್ನೇ ಆಗ ನಾವು ಮರೆಯುತ್ತೇವೆ.

ಇಷ್ಟನ್ನು ನನಗೆ ಸ್ಪಷ್ಟವಾಗಿ ಕಾಣಿಸಿದ್ದು ಬಹಳ ದೂರದ ಒಂದು ದೇಶ. ಅಲ್ಜೀರಿಯಾ. ಫ್ರೆಂಚರ ವಿರುದ್ಧ 1954ರಲ್ಲಿ ಯುದ್ಧ ಶುರುವಾಯಿತು, 1962ರ ಜುಲೈಯಲ್ಲಿ ಸ್ವಾತಂತ್ರ್ಯ ಬಂತು. ಆ ಹೋರಾಟಕ್ಕೆ ಒಂದು ಗಟ್ಟಿ ಕಟ್ಟಡ ಕೊಟ್ಟವನು ಅಬಾನ್ ರಮ್ದಾನ್. 1956ರ ಆಗಸ್ಟ್‌ನಲ್ಲಿ ಸುಮ್ಮಾಮ್ ಕಣಿವೆಯಲ್ಲಿ ಗುಟ್ಟಾಗಿ ಸಭೆ ಸೇರಿಸಿ ಎರಡು ನಿಯಮ ಮಾಡಿಸಿದ. ಬಂದೂಕು ಹಿಡಿದವರು ರಾಜಕೀಯ ನಾಯಕತ್ವದ ಮಾತಿನಂತೆ ನಡೆಯಬೇಕು. ದೇಶದ ಒಳಗಿದ್ದು ಹೋರಾಡುವವರ ಮಾತಿಗೆ ಹೊರದೇಶದಲ್ಲಿ ಕುಳಿತವರ ಮಾತಿಗಿಂತ ತೂಕ ಹೆಚ್ಚಿರಬೇಕು. ಎರಡೂ ಬಲ್ಲಿದರಿಗೆ ಚುಚ್ಚುವ ನಿಯಮಗಳು. ಮರುವರ್ಷ ಕೈರೋದಲ್ಲಿ ಸೇರಿದ ಸಭೆ ಎರಡನ್ನೂ ತಿರುಗಿಸಿ ಹಾಕಿತು. 1957ರ ಡಿಸೆಂಬರ್‌ನಲ್ಲಿ ಅವನನ್ನು ಕೆಲಸದ ನೆಪ ಹೇಳಿ ಮೊರಾಕ್ಕೊಗೆ ಕರೆಸಿಕೊಂಡು, ಒಂದು ತೋಟದ ಮನೆಯಲ್ಲಿ ಕತ್ತು ಹಿಸುಕಿ ಕೊಂದರು. ಕೊಂದವರು ಫ್ರೆಂಚರಲ್ಲ, ಜೊತೆಗಾರರೇ. 1958ರ ಮೇ ತಿಂಗಳಲ್ಲಿ ಚಳವಳಿಯ ಪತ್ರಿಕೆ 'ಎಲ್ ಮುಜಾಹಿದ್' ಮುಖಪುಟದಲ್ಲಿ ಅಬಾನ್ ರಣರಂಗದಲ್ಲಿ ವೀರಮರಣ ಹೊಂದಿದ ಎಂದು ಬರೆಯಿತು. ತಾನೇ ಕಟ್ಟಿ ಬೆಳೆಸಿದ ಸಂಘಟನೆಯ ಪತ್ರಿಕೆಯಲ್ಲಿ ತನ್ನ ಕೊಲೆಯ ಬಗ್ಗೆ ಇಂಥ ಸುಳ್ಳು. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಕೊಂಡಿದ್ದೆ. ಆಗ ಅಧಿಕಾರದಲ್ಲಿದ್ದ ಮೂವರು ಮುಖಂಡರಲ್ಲಿ ಒಬ್ಬನಾದ ಕ್ರಿಮ್ ಬೆಲ್ಕಾಸೆಮ್ 1970ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೋಟೆಲಿನಲ್ಲಿ ಹಾಗೆಯೇ ಕತ್ತು ಹಿಸುಕಿದ ಸ್ಥಿತಿಯಲ್ಲಿ ಹೆಣವಾಗಿ ಸಿಕ್ಕ. ಅಬಾನ್‌ನ ಹೆಸರಿನಲ್ಲಿ ರಾಜಧಾನಿಯ ಎಲ್ ಅಲಿಯಾ ಸ್ಮಶಾನದಲ್ಲಿ ಗೌರವದ ಜಾಗ ಸಿಕ್ಕಿದ್ದು 1984ರಲ್ಲಿ.

ಇದಕ್ಕಿಂತಲೂ ನನ್ನನ್ನು ಕಾಡಿದ್ದು ಮುಂದಿನ ಪ್ರಸಂಗ. ಲೆಜೆ ಎಂಬ ಫ್ರೆಂಚ್ ಕ್ಯಾಪ್ಟನ್ ಅಲ್ಜಿಯರ್ಸ್ ನಗರದಲ್ಲಿ ಸೆರೆಸಿಕ್ಕ ಹೋರಾಟಗಾರರನ್ನು ತನ್ನ ಕಡೆ ತಿರುಗಿಸಿಕೊಳ್ಳುವುದರಲ್ಲಿ ಪಳಗಿದವನು. ಒಬ್ಬ ತರುಣಿಯನ್ನು ಹಿಡಿದು ತಂದಾಗ ಅವಳಿಗೆ ಏಟು ಕೊಡಲಿಲ್ಲ. ಮಾತಿಗೆ ಕೂಡಿಸಿದ. ಬೆಟ್ಟಗಳಲ್ಲಿರುವ ದಳದಲ್ಲಿ ತನ್ನ ಜನ ಎಷ್ಟೋ ಇದ್ದಾರೆ ಎಂಬಂತೆ ಮಾತಾಡಿದ. ಮೇಜಿನ ಮೇಲೆ ಒಂದು ಪತ್ರ ಬಿಟ್ಟು ಯಾವುದೋ ಕೆಲಸವಿದ್ದವನಂತೆ ಹೊರಗೆ ಹೋದ. ಪತ್ರದಲ್ಲಿ ದಳದ ಹಿರಿಯರ ಹೆಸರುಗಳಿದ್ದವು, ಫ್ರೆಂಚರ ಜೊತೆ ಒಪ್ಪಂದವಾಗಿದೆ ಎಂಬ ಧಾಟಿಯಲ್ಲಿ. ಎಲ್ಲವೂ ಅವನೇ ಹೊಸೆದದ್ದು. ಅವಳು ಓದಿದಳು. ಆಮೇಲೆ ಅವಳನ್ನು ಬಿಟ್ಟುಬಿಟ್ಟ. ಅವಳು ಬೆಟ್ಟ ಹತ್ತಿ ತನ್ನವರ ಬಳಿಗೇ ಹೋದಳು. ಹೇಗೆ ಬಿಟ್ಟರು ಎಂದು ತನ್ನವರು ಕೇಳಿದರು, ಹಿಂಸೆ ಕೊಟ್ಟು ಕೇಳಿದರು. ಓದಿದ ಹೆಸರುಗಳನ್ನು ಅವಳು ಹೇಳಿದಳು. ಆ ಹೆಸರಿನವರನ್ನು ಹಿಡಿದು ಹಿಂಸಿಸಿದಾಗ ಅವರು ಇನ್ನಷ್ಟು ಹೆಸರು ಹೇಳಿದರು.

ಕಬೀಲಿಯಾ ಪ್ರಾಂತದ ಆ ದಳದ ನಾಯಕ ಕರ್ನಲ್ ಅಮೀರೂಷ್. ಧೈರ್ಯದಲ್ಲಿ ಅವನಿಗೆ ಸಮನಿಲ್ಲ, ಇಂದಿಗೂ ಅಲ್ಲಿ ಅವನು ವೀರನೇ. 1958ರಿಂದ ಅವನು ತನ್ನದೇ ದಳದಲ್ಲಿ ದ್ರೋಹಿಗಳನ್ನು ಹುಡುಕಲು ಹೊರಟ. ಹೆಚ್ಚಾಗಿ ಬಲಿಯಾದವರು ಓದಿದ ಹುಡುಗರು. 1956ರಲ್ಲಿ ವಿದ್ಯಾರ್ಥಿಗಳ ಮುಷ್ಕರಕ್ಕೆ ಓಗೊಟ್ಟು ಕಾಲೇಜು ಬಿಟ್ಟು ಬೆಟ್ಟ ಹತ್ತಿದವರು. ಪಟ್ಟಣದವರು, ಫ್ರೆಂಚ್ ಬಲ್ಲವರು, ಹಳ್ಳಿಯ ಹೋರಾಟಗಾರರಿಗೆ ಮೊದಲೇ ಅಷ್ಟಾಗಿ ಹೊಂದದವರು. ಸಂಶಯ ಹೋಗಿ ಕೂತದ್ದು ಅಂಥವರ ಮೇಲೆಯೇ. ಸತ್ತವರ ಲೆಕ್ಕದ ಬಗ್ಗೆ ಇಂದಿಗೂ ಜಗಳವಿದೆ, ನೂರಾರು ಎನ್ನುವವರಿದ್ದಾರೆ, ಸಾವಿರಾರು ಎನ್ನುವವರೂ ಇದ್ದಾರೆ. ಒಬ್ಬ ಕ್ಯಾಪ್ಟನ್ ಮೇಜಿನ ಮೇಲೆ ಬಿಟ್ಟುಹೋದ ಸುಳ್ಳು ಕಾಗದ ಒಂದು ದೊಡ್ಡ ದಳದ ಬೆನ್ನೆಲುಬು ಮುರಿಯಿತು. ಕಾಗದಕ್ಕೆ ಆ ಶಕ್ತಿ ಬಂದದ್ದು ಓದಿದವರ ಮತ್ತು ಓದದವರ ನಡುವೆ, ಪಟ್ಟಣದವರ ಮತ್ತು ಬೆಟ್ಟದವರ ನಡುವೆ ಯಾರೂ ಕುಳಿತು ಬಗೆಹರಿಸದೆ ಬಿಟ್ಟ ಅಪನಂಬಿಕೆಯಿಂದ.

ಇದನ್ನು ಪಾಠ ಮಾಡಿದ ದಿನ ಒಬ್ಬ ಹುಡುಗಿ, "ಮೇಡಂ, ಹಾಗಾದರೆ ಆ ದಳದಲ್ಲಿ ನಿಜವಾದ ದ್ರೋಹಿಗಳು ಇರಲೇ ಇಲ್ಲವೇ?" ಎಂದು ಕೇಳಿದಳು. ಇದ್ದಿರಬಹುದು, ಎಲ್ಲ ಕಡೆಯೂ ಇರುತ್ತಾರೆ ಎಂದೆ. ಆದರೆ ಹುಡುಕಾಟದಲ್ಲಿ ಸತ್ತವರ ತಾಯಂದಿರಿಗೆ ಮಗ ದ್ರೋಹಿಯಾಗಿ ಸತ್ತ ಎಂಬ ಹೆಸರು ಉಳಿಯಿತಲ್ಲ, ಅದನ್ನು ಯೋಚಿಸು ಎಂದೆ. ಅವಳು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

ಒಳಜಗಳವೆಲ್ಲ ರಕ್ತದಲ್ಲೇ ಮುಗಿಯಬೇಕೆಂದೇನೂ ಇಲ್ಲ. ನಮ್ಮ ಬೆಳಗಾವಿಯಲ್ಲೇ ಬೇರೆ ರೀತಿ ನಡೆದದ್ದುಂಟು. 1924ರ ಡಿಸೆಂಬರ್ ಅಧಿವೇಶನದ ಬಗ್ಗೆ ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಎಂದು ಎಲ್ಲರೂ ಹೇಳುತ್ತೇವೆ, ಟಿಳಕವಾಡಿಯ ಕಾಂಗ್ರೆಸ್ ಬಾವಿಯನ್ನು ನೆಂಟರಿಗೆ ತೋರಿಸುತ್ತೇವೆ. ಆ ಹೊತ್ತಿಗೆ ಕಾಂಗ್ರೆಸ್ ಎರಡು ಹೋಳಾಗುವುದರಲ್ಲಿತ್ತು. ಶಾಸನಸಭೆಗಳಿಗೆ ಹೋಗಬೇಕು ಎನ್ನುವ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷ ಒಂದು ಕಡೆ. ಕೂಡದು ಎನ್ನುವ ರಾಜಗೋಪಾಲಾಚಾರಿ, ಪಟೇಲ್ ಮುಂತಾದವರು ಇನ್ನೊಂದು ಕಡೆ. ಅಕ್ಟೋಬರ್‌ನಲ್ಲಿ ಬಂಗಾಳದಲ್ಲಿ ಸರಕಾರ ಸುಗ್ರೀವಾಜ್ಞೆ ತಂದು ಸುಭಾಷ್ ಬೋಸ್ ಸೇರಿದಂತೆ ಹಲವರನ್ನು ಬಂಧಿಸಿತು. ಗಾಂಧೀಜಿ ದಾಸ್ ಮತ್ತು ನೆಹರೂ ಜೊತೆ ಒಪ್ಪಂದ ಮಾಡಿಕೊಂಡರು. ಶಾಸನಸಭೆಯ ಕೆಲಸ ಅವರಿಗೆ, ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ನೂಲು ಎಂಬುದು ಇವರಿಗೆ. ಗಾಂಧೀಜಿಯ ಬೆನ್ನಿಗಿದ್ದವರಿಗೇ ಇದು ಕಹಿಯಾಗಿತ್ತು. ಬೆಳಗಾವಿ ಆ ಕಹಿಯನ್ನು ನುಂಗಿ ಒಪ್ಪಂದಕ್ಕೆ ಮುದ್ರೆ ಹಾಕಿತು. ಯಾರನ್ನೂ ದ್ರೋಹಿ ಎಂದು ಹೊರಗೆ ಹಾಕಲಿಲ್ಲ. ಬಂದೂಕಿನ ಹೋರಾಟಕ್ಕೂ ಇದಕ್ಕೂ ಅಂತರವಿದೆ ಎಂದು ನನಗೆ ಗೊತ್ತು. ಆದರೂ ಬಾವಿಯ ಮುಂದೆ ಫೋಟೋ ತೆಗೆಸಿಕೊಳ್ಳುವವರಿಗೆ ಈ ಮಾತನ್ನು ಯಾರಾದರೂ ಹೇಳಬೇಕು.

ಈಗ ನಾನು ಬರೆಯಲು ಕುಳಿತ ಕಾರಣಕ್ಕೆ ಬರುತ್ತೇನೆ. ಅವಮಾನಕ್ಕೆ ಹೆದರಿ ನಮ್ಮ ಕಡೆಯ ಎಷ್ಟೋ ಮನೆಗಳು ಹಳೆಯ ಕಾಗದಗಳನ್ನು ಒಲೆಗೆ ಹಾಕಿವೆ. ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರುವುದರಿಂದ ಒಳಗೇನಿದೆ ಎಂದು ಮನೆಯವರಿಗೇ ತಿಳಿಯದು. ತಿಳಿಯದಿದ್ದರೂ ಅಜ್ಜ ಮಾಡಿದ ಪಾಪವೇ ಇರಬೇಕೆಂಬ ಅಂಜಿಕೆ. ಒಂದು ಮನೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟನ್ನು ಜಗಲಿಯ ಮೇಲೆ ಇಟ್ಟು, ಮುಟ್ಟಲು ಮನಸ್ಸಾಗದೆ ಎಲ್ಲರೂ ದೂರ ಕುಳಿತಿದ್ದರು. ಮೋಡಿ ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅಂಚು ಹುಳ ತಿಂದಿತ್ತು, ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಅವರು ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಓದಿದರು. ಹೊಲದ ತೆರಿಗೆ ಕಟ್ಟಿದ ಪಾವತಿ. ಇನ್ನೊಂದು, ಎತ್ತು ಕೊಳ್ಳಲು ಮಾಡಿದ ಸಾಲದ ಪತ್ರ. ಮನೆಯ ಹಿರಿಯ ಹೆಂಗಸು, "ಇಷ್ಟೇನಾ?" ಎಂದು ಅತ್ತೇಬಿಟ್ಟರು.

ಇಂಥ ಪಾವತಿ, ಇಂಥ ಸಾಲಪತ್ರಗಳಿಂದಲೇ ಯಾರ ಹೊಲ ಯಾವಾಗ ಹೋಯಿತು, ಯಾರ ಗೌಡಕಿ ಹೇಗೆ ಉಳಿಯಿತು ಎಂದು ತಿಳಿಯಬೇಕು. ಕಟ್ಟು ಇದ್ದರೆ ಸುಡಬೇಡಿ. ಬಿಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ ಅಂಟಿಸಿ ಲ್ಯಾಮಿನೇಷನ್ ಮಾಡಿಸಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಮೊಬೈಲಿನಲ್ಲಿ ಒಂದೊಂದೇ ಹಾಳೆಯ ಫೋಟೋ ತೆಗೆದು ನನಗೆ ತಿಳಿಸಿ. ಓದಿಸುವ ಹೊಣೆ ನನ್ನದು, ಮನೆತನದ ಹೆಸರು ಹೊರಗೆ ಬರುವುದಿಲ್ಲ. ಕಳೆದ ವಾರ ತವರಿಗೆ ಹೋದಾಗ ಗೌಡರ ವಾಡೆಯ ಅಜ್ಜಿಗೂ ಇದನ್ನೇ ಹೇಳಿ ಬಂದೆ. ಅಟ್ಟದ ಮೇಲೆ ಒಂದು ಪೆಟ್ಟಿಗೆ ಇದೆಯಂತೆ. "ಅಮಾವಾಸ್ಯೆ ಕಳೆಯಲಿ ಮಗಳೇ, ಆಮೇಲೆ ಇಳಿಸೋಣ" ಎಂದಿದ್ದಾರೆ.